ವಿಭಜನೆಗಳ ಎಣಿಕೆ ಮತ್ತು ಭಾಜಕಗಳ ಮೊತ್ತ: ಒಂದು ಸೂತ್ರದ ಬಲ ಮತ್ತು ಮಿತಿ

1740ರಲ್ಲಿ ಬರ್ಲಿನ್ನಿನ ಫಿಲಿಪ್ ನೋಡೆ ಅವರು ಲಿಯೊನಾರ್ಡ್ ಆಯ್ಲರ್ ಅವರಿಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದರು: 50ನ್ನು ಪರಸ್ಪರ ಭಿನ್ನವಾದ ಏಳು ಧನ ಪೂರ್ಣಾಂಕಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? ಉತ್ತರ 522. ಈ ಉತ್ತರ ಹುಡುಕುವ ದಾರಿಯಲ್ಲಿ ಆಯ್ಲರ್ ಕಟ್ಟಿದ ಶಾಸ್ತ್ರವೇ ಪೂರ್ಣಾಂಕ ವಿಭಜನೆಯ ಸಿದ್ಧಾಂತ. ಅದರ ಮೊದಲ ವ್ಯವಸ್ಥಿತ ನಿರೂಪಣೆ 1748ರ ಅವರ ಗ್ರಂಥದ ಹದಿನಾರನೆಯ ಅಧ್ಯಾಯದಲ್ಲಿದೆ. ವಿಭಜನೆ ಸಂಕಲನಕ್ಕೆ ಸೇರಿದ ವಿಷಯ. ಭಾಜಕ ಗುಣಾಕಾರಕ್ಕೆ ಸೇರಿದ್ದು. ಇವೆರಡನ್ನೂ ಒಂದೇ ಸಾಲಿನಲ್ಲಿ ಬೆಸೆಯುವ ಸೂತ್ರವೊಂದಿದೆ. ಪಠ್ಯಪುಸ್ತಕಗಳು ಅದನ್ನು ಸಾಮಾನ್ಯವಾಗಿ ಅಭ್ಯಾಸದ ಲೆಕ್ಕವಾಗಿ ಕೊಟ್ಟು ಮುಂದೆ ಸಾಗುತ್ತವೆ. ಅದು ಲೆಕ್ಕ ಹಾಕುವ ಸಾಧನವಾಗಿರುವುದಕ್ಕಿಂತ ಪ್ರಮೇಯಗಳನ್ನು ಸಾಧಿಸುವ ಸಾಧನವಾಗಿ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಲೇಖನದ ವಾದ.

ನ ಎಂಬ ಪೂರ್ಣಾಂಕವನ್ನು ಧನ ಪೂರ್ಣಾಂಕಗಳ, ಅಂದರೆ ಘಟಕಗಳ, ಮೊತ್ತವಾಗಿ ಬರೆಯುವ ಬಗೆಗಳೇ ಅದರ ವಿಭಜನೆಗಳು; ಅವುಗಳ ಸಂಖ್ಯೆಯನ್ನು ವಿ(ನ) ಎಂದು ಬರೆಯೋಣ. ಘಟಕಗಳ ಕ್ರಮ ಲೆಕ್ಕಕ್ಕಿಲ್ಲ. 4ರ ವಿಭಜನೆಗಳು ಐದು: 4, 3+1, 2+2, 2+1+1, 1+1+1+1. ಆದ್ದರಿಂದ ವಿ(4) = 5. ವಿ(0) = 1 ಎಂದು ಒಪ್ಪಿಕೊಂಡರೆ ಮೊದಲ ಬೆಲೆಗಳು 1, 1, 2, 3, 5, 7, 11, 15, 22, 30. ಕ ಎಂಬ ಸಂಖ್ಯೆಯ ಎಲ್ಲ ಭಾಜಕಗಳ ಮೊತ್ತ ಭಾ(ಕ) ಆಗಿರಲಿ; 1ರಿಂದ 6ರವರೆಗೆ ಅದರ ಬೆಲೆಗಳು 1, 3, 4, 7, 6, 12. ಸೂತ್ರ ಹೀಗಿದೆ:

ನ × ವಿ(ನ) = ಭಾ(1)ವಿ(ನ−1) + ಭಾ(2)ವಿ(ನ−2) + … + ಭಾ(ನ)ವಿ(0).

ನ = 6 ಆದಾಗ ಬಲಬದಿ 7 + 15 + 12 + 14 + 6 + 12, ಅಂದರೆ 66. ಅದನ್ನು 6ರಿಂದ ಭಾಗಿಸಿದರೆ 11 ಬರುತ್ತದೆ.

ವಿ(ನ)ಗಳ ಘಾತ ಶ್ರೇಣಿಯನ್ನು ಅನಂತ ಗುಣಲಬ್ಧವಾಗಿ ಬರೆದು, ಅದರ ಲಘುಗಣಕ ತೆಗೆದು ಅವಕಲಿಸಿದರೆ ಈ ಸೂತ್ರ ಎರಡು ಸಾಲಿನಲ್ಲಿ ದೊರೆಯುತ್ತದೆ. ಆದರೆ ಸೂತ್ರ ಏಕೆ ನಿಜ ಎಂಬುದು ಆ ದಾರಿಯಲ್ಲಿ ಕಾಣುವುದಿಲ್ಲ. ನೇರವಾಗಿ ಎಣಿಸಿದರೆ ಕಾಣುತ್ತದೆ. ನ-ದ ಎಲ್ಲ ವಿಭಜನೆಗಳನ್ನೂ ಬರೆದು, ಅವುಗಳಲ್ಲಿರುವ ಎಲ್ಲ ಘಟಕಗಳನ್ನೂ ಕೂಡಿಸಿ. ಪ್ರತಿ ವಿಭಜನೆಯ ಮೊತ್ತ ನ, ವಿಭಜನೆಗಳು ವಿ(ನ). ಹಾಗಾಗಿ ಒಟ್ಟು ಮೊತ್ತ ನ × ವಿ(ನ). ಇನ್ನು ಇದೇ ಮೊತ್ತವನ್ನು ಘಟಕಗಳ ಪ್ರಕಾರ ಎಣಿಸೋಣ. ದ ಎಂಬ ಘಟಕ ಕನಿಷ್ಠ ಜ ಬಾರಿ ಇರುವ ವಿಭಜನೆಗಳೆಷ್ಟು? ಆ ಜ ಪ್ರತಿಗಳನ್ನು ತೆಗೆದರೆ ಉಳಿಯುವುದು ನ−ದಜ ಸಂಖ್ಯೆಯ ಯಾವುದೇ ವಿಭಜನೆ. ಆದ್ದರಿಂದ ಅವು ವಿ(ನ−ದಜ). ಜ-ಗೆ 1, 2, 3 ಹೀಗೆ ಬೆಲೆ ಕೊಟ್ಟು ಕೂಡಿಸಿದರೆ ದ ಒಟ್ಟು ಎಷ್ಟು ಬಾರಿ ಬರುತ್ತದೆ ಎಂಬುದು ಸಿಗುತ್ತದೆ. 4ರ ವಿಭಜನೆಗಳಲ್ಲಿ 1 ಬರುವುದು 3+2+1+1 = 7 ಬಾರಿ, 2 ಬರುವುದು 2+1 = 3 ಬಾರಿ; ಮೇಲಿನ ಪಟ್ಟಿಯಲ್ಲಿ ಎಣಿಸಿ ನೋಡಬಹುದು. ಪ್ರತಿ ಬಾರಿಯೂ ದ ತನ್ನ ಬೆಲೆಯನ್ನು ಮೊತ್ತಕ್ಕೆ ಸೇರಿಸುತ್ತದೆ. ದಜ = ಕ ಆಗುವ ಪದಗಳನ್ನೆಲ್ಲ ಒಟ್ಟುಗೂಡಿಸಿದಾಗ ವಿ(ನ−ಕ)ಗೆ ಗುಣಕವಾಗಿ ನಿಲ್ಲುವುದು ಕ-ದ ಭಾಜಕಗಳ ಮೊತ್ತವೇ. ಸೂತ್ರ ಸಿದ್ಧವಾಯಿತು.

ಈ ಸಾಧನೆಯಲ್ಲಿ ಒಂದು ಸಂಗತಿ ಗಮನಾರ್ಹ. ದ ಯಾವುದೇ ಪೂರ್ಣಾಂಕವಾಗಿರಬಹುದೆಂಬುದನ್ನು ನಾವು ಎಲ್ಲಿಯೂ ಬಳಸಿಲ್ಲ. ಘಟಕಗಳು ಸ ಎಂಬ ಗಣದಿಂದ ಮಾತ್ರ ಬರಬೇಕೆಂದು ನಿಯಮ ಹಾಕಿದರೂ ವಾದದ ಒಂದು ಅಕ್ಷರವೂ ಬದಲಾಗುವುದಿಲ್ಲ. ಭಾಜಕಗಳನ್ನು ಕೂಡಿಸುವಾಗಲೂ ಸ-ದಲ್ಲಿರುವ ಭಾಜಕಗಳನ್ನಷ್ಟೇ ಕೂಡಿಸಬೇಕಾಗುತ್ತದೆ. ಘಟಕಗಳ ಮೇಲೆ ಹಾಕಿದ ಭಾಜ್ಯತೆಯ ನಿಬಂಧನೆ ಹಾಗೆಯೇ ಭಾಜಕಗಳ ಮೇಲಿನ ನಿಬಂಧನೆಯಾಗುತ್ತದೆ. ಉದಾಹರಣೆಗೆ 3ರಿಂದ ಭಾಗವಾಗದ ಘಟಕಗಳು ಮಾತ್ರ ಇರಲಿ. 3ರಿಂದ ಭಾಗವಾಗದ ಭಾಜಕಗಳ ಮೊತ್ತಗಳು 1, 3, 1, 7, 6, 3. 0ಯಿಂದ 5ರವರೆಗೆ ವಿಭಜನೆಗಳ ಸಂಖ್ಯೆಗಳು 1, 1, 2, 2, 4, 5. 6ಕ್ಕೆ 5+12+2+14+6+3 = 42, ಅಂದರೆ 7 ವಿಭಜನೆಗಳು. ರಾಜರ್ಸ್–ರಾಮಾನುಜನ್ ಪ್ರಮೇಯದಲ್ಲಿ ಬರುವಂತೆ, 5ರಿಂದ ಭಾಗಿಸಿದಾಗ ಶೇಷ 1 ಅಥವಾ 4 ಬರುವ ಘಟಕಗಳನ್ನು ಆರಿಸಿದರೂ ಹೀಗೆಯೇ: 9ಕ್ಕೆ ಬಲಬದಿ 45, ವಿಭಜನೆಗಳು 5. ಆ ಪ್ರಮೇಯ ಹೇಳುವಂತೆಯೇ, ಪರಸ್ಪರ ಕನಿಷ್ಠ 2 ಅಂತರವಿರುವ ಘಟಕಗಳಿಂದ 9ನ್ನು ಬರೆಯುವ ಬಗೆಗಳೂ ಐದೇ: 9, 8+1, 7+2, 6+3, 5+3+1.

ಪುನರಾವರ್ತನೆಯ ಮೇಲೆ ನಿಬಂಧನೆ ಹಾಕಿದರೆ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಯಾವ ಘಟಕವೂ ಮ ಬಾರಿಗಿಂತ ಕಡಿಮೆ ಸಲ ಮಾತ್ರ ಬರಬೇಕು ಎನ್ನೋಣ. ಅಂಥ ವಿಭಜನೆಗಳು ಮಿ(ನ). ಅವುಗಳಲ್ಲಿ ದ ಇಲ್ಲವೇ ಇಲ್ಲದವು ಶೂ(ನ) ಆಗಿರಲಿ. ದ ಒಟ್ಟು ಬರುವುದು ಶೂ(ನ−ದ) + 2ಶೂ(ನ−2ದ) + … + (ಮ−1)ಶೂ(ನ−(ಮ−1)ದ) ಬಾರಿ. ಈಗ ಮಿ(ನ−ದ) + ಮಿ(ನ−2ದ) + … ಎಂಬ ಮೊತ್ತವನ್ನು ಬಿಡಿಸಿದರೆ ಅದರಲ್ಲಿ ಶೂ(ನ−ತದ) ಎಂಬುದು, ತ ಬೆಲೆ ಮ-ಗಿಂತ ಕಡಿಮೆಯಿದ್ದರೆ ತ ಬಾರಿಯೂ ಇಲ್ಲದಿದ್ದರೆ ಮ ಬಾರಿಯೂ ಇರುತ್ತದೆ. ಮಿ(ನ−ಮದ) + ಮಿ(ನ−2ಮದ) + … ಎಂಬುದರಲ್ಲಾದರೋ ತ ಬೆಲೆ ಮ ಅಥವಾ ಹೆಚ್ಚಿರುವ ಪ್ರತಿ ಪದವೂ ಒಂದೊಂದು ಬಾರಿ ಇರುತ್ತದೆ. ಮೊದಲನೆಯದರಿಂದ ಎರಡನೆಯದರ ಮ ಪಟ್ಟನ್ನು ಕಳೆದರೆ ಬೇಕಾದ ಎಣಿಕೆಯೇ ಉಳಿಯುತ್ತದೆ. ಅದನ್ನು ದ-ದಿಂದ ಗುಣಿಸಿ ಎಲ್ಲ ಘಟಕಗಳಿಗೂ ಕೂಡಿಸಿದಾಗ ಮಿ(ನ−ಕ)ದ ಗುಣಕ ಏನು? ಕ-ದ ಎಲ್ಲ ಭಾಜಕಗಳ ಮೊತ್ತದಿಂದ, ಮದ ರೂಪದ ಭಾಜಕಗಳ ಮೊತ್ತವನ್ನು ಕಳೆದದ್ದು. ಅಂದರೆ ಮ-ದಿಂದ ಭಾಗವಾಗದ ಭಾಜಕಗಳ ಮೊತ್ತ.

ಮ-ದಿಂದ ಭಾಗವಾಗದ ಘಟಕಗಳ ವಿಭಜನೆಗಳಿಗೂ ಇದೇ ಗುಣಕ, ಇದೇ ಸೂತ್ರ. ಎರಡೂ ಶ್ರೇಣಿಗಳು 1ರಿಂದ ಆರಂಭವಾಗುತ್ತವೆ. ಪ್ರತಿ ಮುಂದಿನ ಪದವೂ ಹಿಂದಿನವುಗಳಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ಅವು ಒಂದೇ. ಮ = 2 ಆದಾಗ ಇದು ಆಯ್ಲರ್ ಅವರ ಪ್ರಸಿದ್ಧ ಪ್ರಮೇಯ: ಬೆಸ ಘಟಕಗಳ ವಿಭಜನೆಗಳೂ ಭಿನ್ನ ಘಟಕಗಳ ವಿಭಜನೆಗಳೂ ಸಂಖ್ಯೆಯಲ್ಲಿ ಸಮ. ಎಲ್ಲ ಮ-ಗಳಿಗೂ ಅದನ್ನು ವಿಸ್ತರಿಸಿದವರು ಜೆ. ಡಬ್ಲ್ಯು. ಎಲ್. ಗ್ಲೇಷರ್, 1883ರಲ್ಲಿ. ಅವರ ಸಾಧನೆ ಒಂದು ವಿಭಜನೆಯನ್ನು ಮತ್ತೊಂದರೊಡನೆ ಜೋಡಿಸುವಂಥದು. ಆ ಜೋಡಣೆ ಸುಂದರವಾದದ್ದೇ. ಆದರೂ ಮೇಲಿನ ಎಣಿಕೆಯಲ್ಲಿ ‘ಮ-ದಿಂದ ಭಾಗವಾಗದ’ ಎಂಬ ಷರತ್ತು ಯಾರೂ ಮೊದಲೇ ಊಹಿಸದೆ ತಾನಾಗಿ ಹೊಮ್ಮುತ್ತದೆ; ಈ ಕಾರಣಕ್ಕೆ ಬೋಧನೆಯಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಬಗೆಯ ವಿಸ್ತರಣೆ ಬಣ್ಣಗಳದು. ಪ್ರತಿ ಘಟಕವೂ ರ ಬಣ್ಣಗಳಲ್ಲಿ ದೊರೆಯುತ್ತದೆ ಎಂದುಕೊಂಡರೆ ಮೊದಲಿನ ಎಣಿಕೆಯಲ್ಲಿ ಬಲಬದಿ ರ ಪಟ್ಟಾಗುತ್ತದೆ, ಅಷ್ಟೇ. ಇದರಿಂದ ಒಂದು ಭಾಜ್ಯತಾ ನಿಯಮ ಕೂಡಲೇ ದಕ್ಕುತ್ತದೆ. ನ ಮತ್ತು ರ-ಗಳಿಗೆ 1ನ್ನು ಬಿಟ್ಟು ಸಾಮಾನ್ಯ ಅಪವರ್ತನವಿಲ್ಲದಿದ್ದರೆ, ನ-ದ ರ-ಬಣ್ಣದ ವಿಭಜನೆಗಳ ಸಂಖ್ಯೆ ರ-ದಿಂದ ಭಾಗವಾಗಲೇಬೇಕು. ಮೂರು ಬಣ್ಣಗಳಿದ್ದಾಗ ಸಂಖ್ಯೆಗಳು 1, 3, 9, 22, 51, 108, 221. 3 ಮತ್ತು 6ರ ಸ್ಥಾನಗಳನ್ನು ಬಿಟ್ಟು 1ರಿಂದ ಮುಂದೆ ಎಲ್ಲವೂ 3ರ ಅಪವರ್ತ್ಯಗಳು. ಐದು ಬಣ್ಣಗಳಿದ್ದಾಗ 1, 5, 20, 65, 190, 506.

ಇಷ್ಟು ಸಣ್ಣ ನಿಯಮ ರಾಮಾನುಜನ್ ಅವರ ಒಂದು ದೊಡ್ಡ ಪ್ರಮೇಯಕ್ಕೆ ಅರ್ಧ ದಾರಿ ಹಾಕಿಕೊಡುತ್ತದೆ. ಪಿ. ಎ. ಮ್ಯಾಕ್‌ಮಹೋನ್ ಅವರು 200ರವರೆಗೆ ಕೈಯಿಂದಲೇ ಲೆಕ್ಕ ಹಾಕಿದ ವಿ(ನ) ಪಟ್ಟಿ ರಾಮಾನುಜನ್ ಮುಂದಿತ್ತು; ಅದರ ಕೊನೆಯ ಸಂಖ್ಯೆ 3972999029388. ಆ ಪಟ್ಟಿಯಲ್ಲಿ ವಿ(4) = 5, ವಿ(9) = 30, ವಿ(14) = 135, ವಿ(19) = 490. 5ರಿಂದ ಭಾಗಿಸಿದಾಗ ಶೇಷ 4 ಬರುವ ಪ್ರತಿ ನ-ಗೂ ವಿ(ನ) 5ರಿಂದ ಭಾಗವಾಗುತ್ತದೆ ಎಂದು ಅವರು 1919ರಲ್ಲಿ ಪ್ರಕಟವಾದ ಲೇಖನದಲ್ಲಿ ಸಾಧಿಸಿದರು. ಅದೇ ಲೇಖನದಲ್ಲಿ 7ಕ್ಕೆ ಸಂಬಂಧಿಸಿದ ನಿಯಮದ ಸಾಧನೆಯೂ ಇದೆ.

(1−ಯ)(1−ಯ²)(1−ಯ³)… ಎಂಬ ಅನಂತ ಗುಣಲಬ್ಧವನ್ನು ಆ ಎನ್ನೋಣ. ವಿ(ನ)ಗಳ ಘಾತ ಶ್ರೇಣಿ 1/ಆ. ಅದನ್ನು ಆ⁴ × (1/ಆ⁵) ಎಂದು ಬರೆಯಬಹುದು. 1/ಆ⁵ ಎಂದರೆ ಐದು ಬಣ್ಣದ ವಿಭಜನೆಗಳ ಶ್ರೇಣಿ. ಮೇಲಿನ ನಿಯಮದಂತೆ ಅದರಲ್ಲಿ ಘಾತವು 5ರ ಅಪವರ್ತ್ಯವಲ್ಲದ ಕಡೆಯೆಲ್ಲ ಸಹಗುಣಕ 5ರಿಂದ ಭಾಗವಾಗುತ್ತದೆ. ಹೀಗಾಗಿ ಆ⁴ ಶ್ರೇಣಿಯಲ್ಲಿ ಶೇಷ 4 ಇರುವ ಘಾತಗಳ ಸಹಗುಣಕಗಳನ್ನು ನೋಡಿದರೆ ಸಾಕು. ಇಲ್ಲಿ ಭಾಜಕಗಳ ಸೂತ್ರ ನಿಲ್ಲುತ್ತದೆ. ಆಯ್ಲರ್ ಮತ್ತು ಯಾಕೋಬಿ ಮುಂದುವರಿಸುತ್ತಾರೆ. ಆ⁴ ಎಂಬುದು ಆ ಮತ್ತು ಆ³ಗಳ ಗುಣಲಬ್ಧ. ಆಯ್ಲರ್ ಪ್ರಕಾರ ಆ = 1 − ಯ − ಯ² + ಯ⁵ + ಯ⁷ − …; ಘಾತಗಳು ಪಂಚಭುಜ ಸಂಖ್ಯೆಗಳು, ಅವುಗಳನ್ನು 5ರಿಂದ ಭಾಗಿಸಿದಾಗ ಶೇಷ 0, 1 ಅಥವಾ 2 ಮಾತ್ರ. ಯಾಕೋಬಿ ಪ್ರಕಾರ ಆ³ = 1 − 3ಯ + 5ಯ³ − 7ಯ⁶ + 9ಯ¹⁰ − …; ಘಾತಗಳು ತ್ರಿಭುಜ ಸಂಖ್ಯೆಗಳು, ಶೇಷ 0, 1 ಅಥವಾ 3 ಮಾತ್ರ. ಎರಡು ಶೇಷಗಳು ಸೇರಿ 4 ಆಗಲು 1 ಮತ್ತು 3 ಬಿಟ್ಟರೆ ಬೇರೆ ದಾರಿಯಿಲ್ಲ. ತ್ರಿಭುಜ ಸಂಖ್ಯೆಯ ಶೇಷ 3 ಆಗುವುದು ಅದರ ಕ್ರಮಾಂಕವನ್ನು 5ರಿಂದ ಭಾಗಿಸಿದಾಗ 2 ಉಳಿದರೆ ಮಾತ್ರ. ಆಗ ಸಹಗುಣಕ, ಅಂದರೆ ಕ್ರಮಾಂಕದ ಎರಡರಷ್ಟಕ್ಕೆ 1 ಕೂಡಿಸಿದ್ದು, 5ರಿಂದ ಭಾಗವಾಗುತ್ತದೆ. ಪ್ರಮೇಯ ಸಾಧಿತವಾಯಿತು.

ಭಾಜಕ ಮೊತ್ತಗಳ ಶ್ರೇಣಿಗಳನ್ನು ರಾಮಾನುಜನ್ 1916ರ ಲೇಖನದಲ್ಲಿ ಇನ್ನೂ ಆಳವಾಗಿ ಪರಿಶೀಲಿಸಿದ್ದರು. ಆ ಲೇಖನದ ಒಂದು ನಿತ್ಯಸಮೀಕರಣವನ್ನೇ ತಳಹದಿಯಾಗಿಟ್ಟುಕೊಂಡು ಎಲಿಪ್ಟಿಕ್ ಫಲನಗಳ ಸಿದ್ಧಾಂತವನ್ನು ಮರುಕಟ್ಟಿದವರು ಕರ್ನಾಟಕದ ಕೆ. ವೆಂಕಟಾಚಲ ಅಯ್ಯಂಗಾರ್, ಅವರ ಗ್ರಂಥ 1988ರಲ್ಲಿ ಹೊರಬಂತು. 

ಮತ್ತೆ ಮೂಲ ಸೂತ್ರಕ್ಕೆ ಬಂದರೆ, ವಿ(ನ) ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದಕ್ಕೂ ಅದರಲ್ಲಿ ಉತ್ತರವಿದೆ. ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ತೋರಿಸಿದಂತೆ ವಿ(ನ)ದ ಸ್ವಾಭಾವಿಕ ಲಘುಗಣಕ ಸುಮಾರಾಗಿ ಪೈ × √(2ನ/3). ಕೇವಲ ಕೂಡುವ ಲೆಕ್ಕದಲ್ಲಿ ಪೈ ಎಲ್ಲಿಂದ ಬಂತು? ಭಾ(ಕ) ಒಂದೊಂದು ಕಡೆ ಏರಿಳಿದರೂ ಸರಾಸರಿಯಲ್ಲಿ ಅದು ಕ × ಪೈ²/6ರಂತೆ ವರ್ತಿಸುತ್ತದೆ, ಏಕೆಂದರೆ 1 + 1/4 + 1/9 + … = ಪೈ²/6. ಲಘುಗಣಕ ಚ√ನ ಎಂದು ಇಟ್ಟುಕೊಂಡರೆ ವಿ(ನ−ಕ) ಮತ್ತು ವಿ(ನ)ಗಳ ಅನುಪಾತದ ಲಘುಗಣಕ ಸುಮಾರು −ಚಕ/(2√ನ). ಇವನ್ನು ಸೂತ್ರದಲ್ಲಿಟ್ಟು ಎರಡು ಬದಿಗಳನ್ನೂ ವಿ(ನ)ದಿಂದ ಭಾಗಿಸಿದರೆ ಬಲಬದಿ (ಪೈ²/6) × (4ನ/ಚ²) ಆಗುತ್ತದೆ, ಎಡಬದಿಯಲ್ಲಿ ನ ಉಳಿಯುತ್ತದೆ. ಆದ್ದರಿಂದ ಚ² = 2ಪೈ²/3. ಇದು ಅಂದಾಜು ಮಾತ್ರ. ಇದೇ ಸೂತ್ರದಿಂದ ಹೊರಟು ಪೂರ್ಣ ಪ್ರಮಾಣದ ಪ್ರಾಥಮಿಕ ಸಾಧನೆ ಕೊಟ್ಟವರು ಪಾಲ್ ಏರ್ದೋಶ್, 1942ರಲ್ಲಿ. ಸಂಮಿಶ್ರ ವಿಶ್ಲೇಷಣೆಯ ನೆರವಿಲ್ಲದೆ ಅವರು ಅಷ್ಟು ದೂರ ಸಾಗಿದ್ದು ಸೂತ್ರದ ಒಳಬಲಕ್ಕೆ ಸಾಕ್ಷಿ.

ಲೆಕ್ಕದ ವಿಷಯದಲ್ಲಿ ಮಾತ್ರ ಈ ಸೂತ್ರ ಹಿಂದುಳಿಯುತ್ತದೆ. ಹಿಂದಿನ ಬೆಲೆಗಳೆಲ್ಲ ತಿಳಿದಿದ್ದರೂ ವಿ(200) ಪಡೆಯಲು ಇಲ್ಲಿ 200 ಗುಣಾಕಾರಗಳು ಬೇಕು. ಆ × (1/ಆ) = 1 ಎಂಬುದರಿಂದ ಬರುವ ಪಂಚಭುಜ ಸಂಖ್ಯೆಗಳ ಸೂತ್ರದಲ್ಲಿ ಪದಗಳ ಸಂಖ್ಯೆ √ನ ಪ್ರಮಾಣದ್ದು, ಅದೂ ಬರಿಯ ಕೂಡು–ಕಳೆ. ಭಾ(ನ)ಗೂ ಅಂಥದೇ ಸೂತ್ರವಿರುವುದನ್ನು ಆಯ್ಲರ್ ಕಂಡುಕೊಂಡಿದ್ದರು: ಭಾ(6) = ಭಾ(5) + ಭಾ(4) − ಭಾ(1) = 12.

ಸೂತ್ರದ ನಿಜವಾದ ಮಿತಿ ಬೇರೆಡೆ ಇದೆ. ವಿ(ನ) ಸಮವೋ ಬೆಸವೋ ಎಂದು ಕೇಳಿ. ಭಾ(ಕ) ಬೆಸವಾಗುವುದು ಕ ಪೂರ್ಣವರ್ಗವಾಗಿದ್ದಾಗ ಅಥವಾ ಪೂರ್ಣವರ್ಗದ ಎರಡರಷ್ಟಾಗಿದ್ದಾಗ ಮಾತ್ರ. ಹಾಗಾಗಿ ನ ಬೆಸವಾಗಿದ್ದರೆ, ವಿ(ನ)ದ ಸಮ–ಬೆಸತನವನ್ನು ವಿ(ನ−1), ವಿ(ನ−2), ವಿ(ನ−4), ವಿ(ನ−8), ವಿ(ನ−9) ಮೊದಲಾದ ಕೆಲವೇ ಪದಗಳು ನಿರ್ಧರಿಸುತ್ತವೆ. 9ಕ್ಕೆ 22+15+7+1+1 = 46, ಸಮ; ವಿ(9) = 30, ಸಮ. ನ ಸಮವಾಗಿದ್ದರೆ ಎಡಬದಿಯ ನ × ವಿ(ನ) ಹೇಗೂ ಸಮವೇ. ಸೂತ್ರ ವಿ(ನ)ದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಡಬದಿಯ ನ ಎಂಬ ಗುಣಕವೇ ಎಲ್ಲ ಪ್ರಶ್ನೆಗಳಲ್ಲೂ ತೊಡಕು: ನ-ಗೂ ಭಾಜಕಕ್ಕೂ ಸಾಮಾನ್ಯ ಅಪವರ್ತನವಿರುವ ಕಡೆ ಮಾಹಿತಿ ಕಳೆದುಹೋಗುತ್ತದೆ. ವಿ(ನ) ಅನಂತ ಬಾರಿ ಸಮವಾಗುತ್ತದೆ, ಅನಂತ ಬಾರಿ ಬೆಸವಾಗುತ್ತದೆ ಎಂದು ಓ. ಕೋಲ್‌ಬರ್ಗ್ 1959ರಲ್ಲಿ ಸಾಧಿಸಿದರು. ಎರಡೂ ಸಮಪಾಲಿನಲ್ಲಿ ಬರುತ್ತವೆ ಎಂಬ ಊಹೆಗೆ ಇಂದಿಗೂ ಸಾಧನೆಯಿಲ್ಲ.