ಭಾಷಿಣಿ

ಸರ್ಕಾರಿ ಸೇವೆಗಳನ್ನು ಭಾರತೀಯ ಭಾಷೆಗಳಲ್ಲಿ, ಮುಖ್ಯವಾಗಿ ಮಾತಿನ ಮೂಲಕ, ಜನರಿಗೆ ತಲುಪಿಸಲು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ರೂಪಿಸಿದ ಕೃತಕ ಬುದ್ಧಿಮತ್ತೆಯ ವೇದಿಕೆ. 2022ರ ಜುಲೈನಲ್ಲಿ ಗಾಂಧಿನಗರದಲ್ಲಿ ಚಾಲನೆಗೊಂಡಿತು. ಇದು ಒಂದೇ ತಂತ್ರಾಂಶವಲ್ಲ. ಹಲವು ಸಂಶೋಧನಾ ಸಂಸ್ಥೆಗಳು ಸಿದ್ಧಪಡಿಸಿದ ಭಾಷಾ ಮಾದರಿಗಳನ್ನು ಇಲಾಖೆಗಳು ತಮ್ಮ ಆ್ಯಪ್, ಜಾಲತಾಣಗಳಿಗೆ ಜೋಡಿಸಿಕೊಳ್ಳುವ ವ್ಯವಸ್ಥೆ.

ಹಿನ್ನೆಲೆ

ಭಾರತೀಯ ಭಾಷೆಗಳ ಯಂತ್ರಾನುವಾದದ ಚರಿತ್ರೆಯಲ್ಲಿ ಕನ್ನಡಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಹೈದರಾಬಾದಿಗೆ ಬಂದ ‘ಅನುಸಾರಕ’ ಯೋಜನೆ ಕನ್ನಡ, ತೆಲುಗು, ಮರಾಠಿ ಮುಂತಾದವುಗಳಿಂದ ಹಿಂದಿಗೆ ಪಠ್ಯವನ್ನು ಒಯ್ಯುತ್ತಿತ್ತು. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಅದಕ್ಕೆ ಪಾಣಿನೀಯ ವ್ಯಾಕರಣದ ಚೌಕಟ್ಟನ್ನು ಕಟ್ಟಿಕೊಟ್ಟರು. ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಒಡೆದು ನಿಯಮದಂತೆ ಹೊಂದಿಸುವುದು ಅದರ ಕ್ರಮ. ಫಲಿತ ಸರಾಗವಾಗಿರದಿದ್ದರೂ ಮೂಲದ ಮಾಹಿತಿ ಕಳೆದುಹೋಗಬಾರದೆಂಬ ಎಚ್ಚರ ಅಲ್ಲಿತ್ತು. ಇಂದಿನ ನರಜಾಲ ಮಾದರಿಗಳ ಗುಣ ಬಹುಮಟ್ಟಿಗೆ ಇದಕ್ಕೆ ವಿರುದ್ಧ: ವಾಕ್ಯ ಸೊಗಸಾಗಿರುತ್ತದೆ, ಬಿಟ್ಟುಹೋದದ್ದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಎರಡನೆಯದೇ ಹೆಚ್ಚು ಅಪಾಯಕರ ಎನ್ನಬೇಕಾಗುತ್ತದೆ.

ಕಾರ್ಯವಿಧಾನ

ಧ್ವನಿಸೇವೆಯಲ್ಲಿ ಸಾಮಾನ್ಯವಾಗಿ ಮೂರು ಹಂತಗಳು: ಮಾತನ್ನು ಬರಹಕ್ಕಿಳಿಸುವುದು, ಬರಹವನ್ನು ಅನುವಾದಿಸುವುದು, ಉತ್ತರವನ್ನು ಮತ್ತೆ ದನಿಯಾಗಿಸುವುದು. ಮೊದಲ ಹಂತದ ತಪ್ಪು ಮುಂದಿನ ಎರಡಕ್ಕೂ ದಾಟುತ್ತದೆ. ‘ಹಣ ಬಂದಿಲ್ರಿ’ ಎಂಬಲ್ಲಿ ನಿಷೇಧಾರ್ಥ ಕ್ರಿಯಾಪದದ ಬಾಲದಲ್ಲೇ ಅಡಗಿದೆ. ಅದು ಜಾರಿದರೆ ದೂರು ಕೃತಜ್ಞತೆಯಾಗಿಬಿಡುತ್ತದೆ. ಆದ್ದರಿಂದ ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರುಗಳ ಆಡುಮಾತು ತರಬೇತಿ ದತ್ತಾಂಶದಲ್ಲಿ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಕೈಗೊಂಡ ‘ವಾಣಿ’ ಯೋಜನೆಯ ಮಹತ್ವ ಇಲ್ಲಿದೆ. ಓದಿಸುವ ಬದಲು ಚಿತ್ರ ತೋರಿಸಿ ಜನರನ್ನು ಮಾತಾಡಿಸಿ, ದೇಶದ 773 ಜಿಲ್ಲೆಗಳಿಂದ 1.5 ಲಕ್ಷ ಗಂಟೆಗಳಿಗೂ ಹೆಚ್ಚಿನ ಮಾತು ಸಂಗ್ರಹಿಸುವುದು ಅದರ ಗುರಿ. ಭಾಷಿಣಿಯ ‘ಭಾಷಾದಾನ’ದಲ್ಲಿ ನಾಗರಿಕರೇ ಧ್ವನಿ, ಅನುವಾದ ನೀಡಬಹುದು. ಅನುವಾದದ ಹಂತಕ್ಕೆ ಮದರಾಸು ಐಐಟಿಯ ‘ಎಐ4ಭಾರತ್’ 2023ರಲ್ಲಿ ‘ಇಂಡಿಕ್‌ಟ್ರಾನ್ಸ್2’ ಮಾದರಿಯನ್ನು ಮುಕ್ತವಾಗಿ ನೀಡಿತು; ಅದು ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡಿದೆ.

ಬಳಕೆ

ರೈತರಿಗೆ ವರ್ಷಕ್ಕೆ 6,000 ರೂಪಾಯಿ ನೀಡುವ ಪಿಎಂ-ಕಿಸಾನ್ ಯೋಜನೆಗೆ ಭಾಷಿಣಿಯ ನೆರವಿನಿಂದ ರೂಪಿಸಿದ ಚಾಟ್‌ಬಾಟ್ ‘ಕಿಸಾನ್ ಇ-ಮಿತ್ರ’ 2023ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅದರಲ್ಲಿ ಕನ್ನಡವಿರಲಿಲ್ಲ, ಅನಂತರ ಸೇರಿತು. ಅದೇ ವರ್ಷ ವಾಟ್ಸಾಪ್ ಮೂಲಕ ಸರ್ಕಾರಿ ಯೋಜನೆಗಳ ವಿವರ ಕೊಡುವ ಚಾಟ್‌ಬಾಟ್ ‘ಜುಗಲ್‌ಬಂದಿ’ಯನ್ನು ಹರಿಯಾಣದ ಬೀವಾನ್ ಗ್ರಾಮದಲ್ಲಿ ಪರೀಕ್ಷಿಸಲಾಯಿತು.

ಮಿತಿಗಳು

ಪಿಎಂ-ಕಿಸಾನ್ ಹಣದ ಕಂತು ಏಕೆ ನಿಂತಿದೆಯೆಂದು ಯಂತ್ರ ಹೇಳಬಲ್ಲದು. ಆದರೆ ಆಧಾರ್, ಬ್ಯಾಂಕ್ ಖಾತೆ, ಪಹಣಿಗಳಲ್ಲಿ ಹೆಸರು ಬೇರೆಬೇರೆಯಾಗಿದ್ದರೆ ಅದನ್ನು ಸರಿಪಡಿಸುವ ಅಧಿಕಾರ ಸಿಬ್ಬಂದಿಯ ಕೈಯಲ್ಲಿದೆ. ಹಕ್ಕನ್ನು ನಿರಾಕರಿಸುವ ಯಾವ ಉತ್ತರವನ್ನೂ ಅಧಿಕಾರಿಯೊಬ್ಬರು ಪರಿಶೀಲಿಸದೆ ಅಂತಿಮವೆಂದು ಕೊಡಬಾರದು. 2019ರಲ್ಲಿ ‘ಸುವಾಸ್’ ಅನುವಾದ ತಂತ್ರಾಂಶವನ್ನು ಅಳವಡಿಸಿಕೊಂಡ ಸುಪ್ರೀಂ ಕೋರ್ಟ್ ಕೂಡ ಇಂಗ್ಲಿಷ್ ತೀರ್ಪನ್ನೇ ಅಧಿಕೃತವೆಂದು ಇರಿಸಿಕೊಂಡಿದೆ. 8ನೇ ಅನುಸೂಚಿಯಲ್ಲಿ ಸ್ಥಾನ ಪಡೆಯದ ತುಳು ಮತ್ತು ಕೊಡವ ಭಾಷೆಗಳು ಇಂಡಿಕ್‌ಟ್ರಾನ್ಸ್2ರ 22 ಭಾಷೆಗಳಲ್ಲಿ ಇಲ್ಲ.