ಓಎಂಆರ್ ಪಕ್ಕದ ಜೌಗು: ಪಳ್ಳಿಕರಣೈ ಉಳಿಸಿದವರು ಯಾರು?

ಚೆನ್ನೈನಲ್ಲಿ ಕೆಲಸ ಮಾಡೋ ನಮ್ಮವರಿಗೆ ಈ ಜಾಗ ಗೊತ್ತೇ ಇರುತ್ತೆ. ಪಳ್ಳಿಕರಣೈ ಕಡೆಯಿಂದ ತೊರೈಪಾಕ್ಕಂಗೆ ರೇಡಿಯಲ್ ರಸ್ತೆಯಲ್ಲಿ ಹೋಗುವಾಗ ಕ್ಯಾಬ್ ಕಿಟಕಿಯಿಂದ ಜೊಂಡು, ನೀರು, ಅಲ್ಲಲ್ಲಿ ಹೆಜ್ಜಾರ್ಲೆಗಳು ಕಾಣುತ್ತವಲ್ಲ, ಅದೇ. ಕೆಲ ವರ್ಷಗಳ ಹಿಂದಿನವರೆಗೂ ಹಕ್ಕಿಗಿಂತ ಮೊದಲು ಕಾಣುತ್ತಿದ್ದದ್ದು ಪೆರುಂಗುಡಿಯ ಕಸದ ಗುಡ್ಡ. ಇವತ್ತಿನ ಮಾತು ಆ ಜೌಗನ್ನು ಉಳಿಸಿದವರ ಬಗ್ಗೆ. ಅವರು ಒಬ್ಬರಲ್ಲ, ಒಂದೇ ಬಗೆಯವರೂ ಅಲ್ಲ.

ಮೊದಲು ನೀರಿನ ಲೆಕ್ಕ ನೋಡೋಣ. ದಕ್ಷಿಣ ಚೆನ್ನೈನ ಸುಮಾರು 250 ಚದರ ಕಿ.ಮೀ. ಪ್ರದೇಶದ ಮಳೆನೀರು ಹತ್ತಾರು ಕೆರೆಗಳನ್ನು ತುಂಬಿಸಿ, ಕೋಡಿ ಬಿದ್ದು ಕೊನೆಗೆ ಇಲ್ಲಿಗೆ ಬರುತ್ತೆ. ಇಲ್ಲಿಂದ ಒಕ್ಕಿಯಂ ಮಡುವು ಅನ್ನೋ ಕಾಲುವೆ ಹಿಡಿದು, ಬಕಿಂಗ್‌ಹ್ಯಾಮ್ ಕಾಲುವೆ ಸೇರಿ, ಕೋವಳಂ ಹತ್ತಿರ ಸಮುದ್ರಕ್ಕೆ. ಇಂಥ ನೆಲಕ್ಕೆ ತಮಿಳಿನಲ್ಲಿ 'ಕಳುವೆಲಿ' ಅಂತ ಪ್ರತ್ಯೇಕ ಹೆಸರೇ ಇದೆ. ಊರಿಗೆ ಇದರ ಉಪಯೋಗ ಗೊತ್ತಿತ್ತು. ರೆವಿನ್ಯೂ ದಾಖಲೆಗೆ ಮಾತ್ರ ಇದು ಪಾಳು, ಬೆಲೆಯಿಲ್ಲದ ಪೊರಂಬೋಕು. ನಮ್ಮ ಪಹಣಿಯಲ್ಲಿ 'ಖರಾಬು' ಅಂತ ಬರೀತಾರಲ್ಲ, ಹಾಗೆ. ದಾಖಲೆಯಲ್ಲಿ ಪಾಳು ಅಂತ ಬಿದ್ದ ಮೇಲೆ ಯಾರು ಕೇಳಿದರೂ ಕೊಡಬಹುದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಧರ್ಮಾಂಬುಧಿ ಕೆರೆ ಇದ್ದ ಕಡೆ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಇದೆ.

ಇಲ್ಲೂ ಹಾಗೇ ಆಯ್ತು. 1960ರ ದಶಕದಲ್ಲಿ ಐದು ಸಾವಿರ ಹೆಕ್ಟೇರ್ ಆಸುಪಾಸು ಇದ್ದ ಜೌಗು, 2000ದ ಹೊತ್ತಿಗೆ ಸುಮಾರು 600 ಹೆಕ್ಟೇರ್‌ಗೆ ಇಳಿದಿತ್ತು. 1980ರ ದಶಕದಿಂದ ಕಾರ್ಪೊರೇಷನ್ ಕಸ ಸುರಿಯಿತು. ಮೇಲ್ಸೇತುವೆ ರೈಲು ವೇಳಚೇರಿವರೆಗೆ ಬಂತು, ರೇಡಿಯಲ್ ರಸ್ತೆ ಜೌಗನ್ನು ಸೀಳಿಕೊಂಡು ಹೋಯ್ತು. ಐಟಿ ಕಟ್ಟಡಗಳು ಬಂದವು, ಅವುಗಳ ಹಿಂದೆ ನಾವೂ ಬಂದೆವು. ತಮಾಷೆ ಏನು ಅಂದ್ರೆ, ಸಮುದ್ರ ತಂತ್ರಜ್ಞಾನ ಸಂಸ್ಥೆ, ಪವನಶಕ್ತಿ ಸಂಸ್ಥೆ ಎರಡಕ್ಕೂ ಕ್ಯಾಂಪಸ್ ಸಿಕ್ಕಿದ್ದು ಈ ಜೌಗಿನಲ್ಲೇ. ವಿಜ್ಞಾನದವರಿಗೂ ಅದು ಖಾಲಿ ಸೈಟಾಗಿಯೇ ಕಂಡಿತ್ತು.

ಹಕ್ಕಿ ನೋಡುವವರು ಮೊದಲಿಂದಲೂ ಇದ್ದರು. ಮದ್ರಾಸ್ ನ್ಯಾಚುರಲಿಸ್ಟ್ಸ್ ಸೊಸೈಟಿಯಂಥ ಸಂಘದವರು ಬೈನಾಕ್ಯುಲರ್ ಹಿಡಿದು ಬಂದು ಎಣಿಸಿ ಬರೆದಿಡ್ತಿದ್ದರು. ಆದರೆ ಹಕ್ಕಿ ಪಟ್ಟಿ ತೋರಿಸಿದರೆ ತಹಸೀಲ್ದಾರ್ ಸರ್ವೆ ನಂಬರ್ ಬದಲಿಸ್ತಾರಾ? ಇನ್ನೊಂದು ಕಡೆ ಸುತ್ತಲಿನ ಬಡಾವಣೆಯವರು. ಅವರ ದೂರು ಹಕ್ಕಿಯ ಬಗ್ಗೆ ಅಲ್ಲ, ಕಸಕ್ಕೆ ಬೆಂಕಿ ಬಿದ್ದಾಗ ಮನೆಯೊಳಗೆ ಬರುತ್ತಿದ್ದ ಹೊಗೆಯ ಬಗ್ಗೆ. ಅವರು ಸೇವ್ ಪಳ್ಳಿಕರಣೈ ಮಾರ್ಷ್‌ಲ್ಯಾಂಡ್ ಫೋರಂ ಕಟ್ಟಿದರು, ಅರ್ಜಿ ಹಾಕಿದರು, ಹೈಕೋರ್ಟ್ ಮೆಟ್ಟಿಲು ಹತ್ತಿದ ನಿವಾಸಿಗಳೂ ಇದ್ದರು. ಆದರೆ ಜೌಗು ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿದರೆ ತೋರಿಸೋಕೆ ನಕ್ಷೆ ಬೇಕಲ್ಲ.

ನಕ್ಷೆ ಮಾಡಿದ್ದು ಕೇರ್ ಅರ್ಥ್ ಅನ್ನೋ ಸಣ್ಣ ಟ್ರಸ್ಟ್. 2000ದಲ್ಲಿ ಅದನ್ನು ಕಟ್ಟಿದವರು ಜಯಶ್ರೀ ವೆಂಕಟೇಶನ್ ಮತ್ತು ರಂಜಿತ್ ಡೇನಿಯಲ್ಸ್. ಡೇನಿಯಲ್ಸ್ ಅವರಿಗೆ ನಮ್ಮ ಕಡೆಯ ನಂಟಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಧವ ಗಾಡ್ಗೀಳರ ಬಳಿ ಅವರು ಪಿಎಚ್‌ಡಿ ಮಾಡಿದ್ದು ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಮೇಲೆ. 2002–03ರಲ್ಲಿ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಈ ಟ್ರಸ್ಟ್‌ಗೆ ಜೌಗಿನ ಅಧ್ಯಯನ ಒಪ್ಪಿಸಿತು. ನನ್ನ ಪ್ರಕಾರ ಕಥೆ ತಿರುಗಿದ್ದು ಇಲ್ಲೇ. ಹಕ್ಕಿ, ಮೀನು, ಗಿಡಗಳ ಜತೆಗೆ ನೀರು ಎಲ್ಲಿಂದ ಬರುತ್ತೆ, ಎಲ್ಲಿ ಹೋಗುತ್ತೆ ಅನ್ನೋದೂ ಒಂದೇ ವರದಿಯಲ್ಲಿ ಬಂತು. ಅದೂ ಸರ್ಕಾರಿ ಮಂಡಳಿಯೇ ಮಾಡಿಸಿದ ವರದಿ, ಹೊರಗಿನವರ ಗಲಾಟೆ ಅಂತ ತಳ್ಳಿಹಾಕೋಕೆ ಆಗಲಿಲ್ಲ. ಕೋರ್ಟಿಗೆ ಹೋಗುವವರಿಗೂ ಕೈಯಲ್ಲಿ ಹಿಡಿಯೋಕೆ ಒಂದು ಕಾಗದ ಸಿಕ್ಕಿತು.

ಏಪ್ರಿಲ್ 2007ರಲ್ಲಿ 317 ಹೆಕ್ಟೇರ್ ಮೀಸಲು ಅರಣ್ಯ ಅಂತ ಘೋಷಣೆಯಾಯ್ತು. ಮರವೇ ಇಲ್ಲದ ನೀರು-ಜೊಂಡಿಗೆ 'ಅರಣ್ಯ' ಅನ್ನೋ ಹೆಸರು! ಆದರೆ ಬೇಕಾಗಿದ್ದದ್ದು ಅದೇ. ದಾಖಲೆಯಲ್ಲಿ ಪಾಳು ಹೋಗಿ ಅರಣ್ಯ ಬಂದರೆ, ಇನ್ನೊಂದು ಇಲಾಖೆ ಸುಮ್ಮನೆ ಬಂದು ಕಟ್ಟಡ ಎಬ್ಬಿಸೋ ಹಾಗಿಲ್ಲ. ಮುಂದೆ ಇನ್ನಷ್ಟು ಜಾಗ ಸೇರಿತು, ಸರ್ಕಾರ ಜೌಗಿಗೇ ಒಂದು ಪ್ರಾಧಿಕಾರ ಮಾಡಿತು. 2021ರಲ್ಲಿ ರಸ್ತೆ ಬದಿಗೆ ಪರಿಸರ ಉದ್ಯಾನ ತೆರೆಯಿತು. ಕಾರ್ಪೊರೇಷನ್ ಹಳೇ ಕಸ ಬಗೆದು ತೆಗೆಯೋ ಕೆಲಸಕ್ಕೂ ಕೈ ಹಾಕಿತು. 2022ರ ಜುಲೈನಲ್ಲಿ ಪಳ್ಳಿಕರಣೈ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ವರ್ಷ ನಮ್ಮ ರಂಗನತಿಟ್ಟು ಕೂಡ. 2025ರಲ್ಲಿ ಜಯಶ್ರೀ ವೆಂಕಟೇಶನ್ ಅವರಿಗೆ ರಾಮ್ಸಾರ್ ಪ್ರಶಸ್ತಿ ಬಂತು.

ಅಷ್ಟಕ್ಕೇ ಮುಗೀತಾ? ಇಲ್ಲ. 2015ರ ಡಿಸೆಂಬರ್‌ನಲ್ಲಿ, ಮತ್ತೆ 2023ರ ಮಿಚಾಂಗ್ ಚಂಡಮಾರುತದಲ್ಲಿ ಈ ಭಾಗದ ಮನೆಗಳಿಗೆ ನೀರು ನುಗ್ಗಿತು. ನಮ್ಮಲ್ಲೇ ಎಷ್ಟೋ ಜನ ಗ್ರೌಂಡ್ ಫ್ಲೋರ್ ಬಿಟ್ಟು ಮೇಲಿನ ಮನೆಯವರ ಹಾಲ್‌ನಲ್ಲಿ ಮಲಗಿದವರೇ. ನೀರು ದಾರಿ ತಪ್ಪಿ ಬಂದಿರಲಿಲ್ಲ, ಅದರ ಹಳೇ ಜಾಗದಲ್ಲಿ ನಾವಿದ್ದೆವು.

ಈಗಿನ ಜಗಳ ಗಡಿಯದ್ದು. ರಾಮ್ಸಾರ್ ಪಟ್ಟಿಯಲ್ಲಿರೋದು ಸುಮಾರು 1,248 ಹೆಕ್ಟೇರ್, ಅರಣ್ಯ ಇಲಾಖೆಯ ಕೈಯಲ್ಲಿರೋದು ಅದಕ್ಕಿಂತ ತುಂಬಾ ಕಡಿಮೆ. ಉಳಿದದ್ದು ಯಾವ್ಯಾವ ಸರ್ವೆ ನಂಬರಿನಲ್ಲಿದೆ ಅನ್ನೋದೇ ಪ್ರಶ್ನೆ. ಅದು ತೀರ್ಮಾನ ಆಗೋವರೆಗೆ ಗಡಿಯಿಂದ 1 ಕಿ.ಮೀ. ಒಳಗೆ ಹೊಸ ಕಟ್ಟಡಕ್ಕೆ ಅನುಮತಿ ಕೊಡಬೇಡಿ ಅಂತ 2025ರಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಹೇಳಿತು. ಆ ಕಡೆ ಫ್ಲಾಟ್ ನೋಡ್ತಾ ಇರೋರು ಬ್ರೋಕರ್ ಹತ್ತಿರ ಕಾರ್ಪೆಟ್ ಏರಿಯಾ ಜತೆ ಸರ್ವೆ ನಂಬರನ್ನೂ ಕೇಳಿ ಇಟ್ಕೊಳ್ಳಿ.