ಜಡೆಕೋಲಾಟದ ಎಣಿಕೆ

ಶತಮಾನೋತ್ಸವ ಸಂಚಿಕೆಗೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಛಾಯಾಚಿತ್ರಗಳನ್ನು ಕೇಳಿದಾಗ ನಮ್ಮ ಕೈಸೇರಿದವುಗಳಲ್ಲಿ ಹೆಚ್ಚಿನವು ತರಗತಿಯವರೆಲ್ಲ ಸಾಲಾಗಿ ಕುಳಿತು ತೆಗೆಸಿಕೊಂಡ ಚಿತ್ರಗಳೇ. ಒಂದು ಮಾತ್ರ ಬೇರೆಯಾಗಿತ್ತು. ಅದರಲ್ಲಿ ನಮ್ಮ ಶಾಲೆಯ ಅಂಗಳದ ಬೇವಿನ ಮರದ ಕೊಂಬೆಯಿಂದ ಹಗ್ಗಗಳು ಇಳಿಬಿದ್ದಿವೆ. ಲಂಗ ದಾವಣಿಯ ಹುಡುಗಿಯರು ಒಂದು ಕೈಯಲ್ಲಿ ಹಗ್ಗವನ್ನೂ ಇನ್ನೊಂದು ಕೈಯಲ್ಲಿ ಕೋಲನ್ನೂ ಹಿಡಿದು ವರ್ತುಲವಾಗಿ ನಿಂತಿದ್ದಾರೆ. ಮೇಲುಗಡೆ ಮೊಳದುದ್ದಕ್ಕೆ ಹಗ್ಗಗಳು ಜಡೆಯಾಗಿ ಹೆಣೆದುಕೊಂಡಿವೆ. ಚಿತ್ರದ ಹಿಂಬದಿಯಲ್ಲಿ ತಾರೀಖಿಲ್ಲ, ಹೆಸರುಗಳಿಲ್ಲ.

ಇದು ಜಡೆಕೋಲಾಟ. ಕೋಲಾಟದ ಒಂದೊಂದು ವಿನ್ಯಾಸಕ್ಕೂ ನಮ್ಮ ಕಡೆ ಕೋಪು ಎನ್ನುವ ರೂಢಿ. ನೆರೆಯ ತೆಲುಗರಲ್ಲಿಯೂ ಅದೇ ಮಾತುಂಟು, ಅವರಿಗೆ ಇದು ಜಡಕೋಪು. ಉತ್ಸವದ ದಿನ ಇದೇ ಕುಣಿತವನ್ನು ಇದೇ ಮರದಡಿಯಲ್ಲಿ ಮಕ್ಕಳಿಂದ ಆಡಿಸಬೇಕೆಂದು ನಾವು ನಿಶ್ಚಯಿಸಿದೆವು. ಬಲ್ಲವರನ್ನು ಕೇಳಿದರೆ ಸಾಕು ಎಂಬುದು ನಮ್ಮ ಎಣಿಕೆಯಾಗಿತ್ತು. ಕೇಳಿದಾಗ ದೊರೆತದ್ದು ಚೂರುಗಳು ಮಾತ್ರ.

ಆಗ ಕುಣಿದವರಲ್ಲಿ ಮೂವರು ಅಜ್ಜಿಯರು ನಮಗೆ ಸಿಕ್ಕಿದರು. ಒಬ್ಬರಿಗೆ ಹಾಡು ನೆನಪಿದೆ, ಹೆಜ್ಜೆ ನೆನಪಿಲ್ಲ. ಇನ್ನೊಬ್ಬರು ಹಾಡನ್ನು ಪೂರ್ತಿ ಮರೆತಿದ್ದಾರೆ. ಆದರೆ ಕೈಗೊಂದು ಕೋಲು ಕೊಟ್ಟೊಡನೆ ಅವರ ಕಾಲು ತಾನಾಗಿ ಎದ್ದಿತು. ಮೊದಲನೆಯ ಎಣಿಕೆಗೆ ಎದುರಿನವರ ಕೋಲಿಗೆ ಕೋಲು, ಎರಡು ಮೂರಕ್ಕೆ ಅವರನ್ನು ದಾಟಿ ಹೋಗುವ ಹೆಜ್ಜೆ, ನಾಲ್ಕಕ್ಕೆ ಮುಂದಿನವರ ಎದುರು ನಿಲ್ಲುವುದು. ಮೂರನೆಯವರಿಗೆ ನೆನಪಿದ್ದುದು ಒಂದೇ ಸಂಗತಿ: ಜಡೆ ಬಿಚ್ಚಲು ಹಿಂದಿರುಗುವಾಗ ‘ಉಲ್ಟಾ ಶುರು ಮಾಡಬೇಕು’ ಎಂದು ಮೇಷ್ಟ್ರು ಗದರುತ್ತಿದ್ದರು. ಹಾಗೆಂದರೇನು ಎಂಬುದನ್ನು ಅವರು ವಿವರಿಸಲಾರದೆ ಹೋದರು. ಎಷ್ಟು ಮಂದಿ ಕುಣಿಯುತ್ತಿದ್ದರು ಎಂಬಲ್ಲಿಯೂ ಒಮ್ಮತವಿಲ್ಲ. ಎಂಟು ಎಂದರು ಒಬ್ಬರು, ಹನ್ನೆರಡು ಎಂದರು ಮತ್ತೊಬ್ಬರು. ಚಿತ್ರದಲ್ಲಿ ಕಾಣುವವರು ಏಳೇ ಮಂದಿ.

ಕಲಿಸಿದವರು ರಾಯದುರ್ಗದ ಕಡೆಯಿಂದ ಮಡಕಶಿರಕ್ಕೆ ವರ್ಗವಾಗಿ ಬಂದ ಮೇಷ್ಟ್ರು ಎಂಬ ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಇದನ್ನು ಸ್ವಲ್ಪ ವಿವರಿಸಬೇಕು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ ಮತ್ತು ಆಲೂರುಗಳೊಡನೆ ಅದು ಆಂಧ್ರಕ್ಕೆ ಸೇರಿ, ಅನಂತಪುರ ಜಿಲ್ಲೆಗೆ ಬಂದಿತು. ಬಳ್ಳಾರಿಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಹೋದವು. ಮಡಕಶಿರವಾದರೋ 1882ರಲ್ಲಿ ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟಂದಿನಿಂದ ಅದರೊಳಗೇ ಇದ್ದ ಸೀಮೆ. ಹೇಮಾವತಿಯ ನೊಳಂಬರ ಕನ್ನಡ ಶಾಸನಗಳ ನೆಲ. ಹೀಗೆ ಬಳ್ಳಾರಿ ಸೀಮೆಯ ಕನ್ನಡ ಮೇಷ್ಟ್ರುಗಳಿಗೆ ನಮ್ಮೂರು ವರ್ಗಾವಣೆಯ ಊರಾಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ, ರಾಯದುರ್ಗ ಅನಂತಪುರದಲ್ಲಿಯೇ ಉಳಿದು, ಎರಡೂ ಮತ್ತೆ ಬೇರೆ ಬೇರೆಯಾಗಿವೆ.

ಕೋಲಾಟ ಮಾತ್ರ ಈ ಗಡಿಗಳಿಗಿಂತ ಬಹಳ ಹಳೆಯದು. ಹಂಪೆಯ ಮಹಾನವಮಿ ದಿಬ್ಬಕ್ಕೆ ಹೋದವರು ಅಲ್ಲಿಯ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರನ್ನು ನೋಡಿರಬಹುದು. 1623ರ ನವೆಂಬರ್‌ನಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೌರಿಯ ಹಬ್ಬದಲ್ಲಿ ಹುಡುಗಿಯರು ಬಣ್ಣದ ಗಿಡ್ಡ ಕೋಲುಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ ಬೀದಿಯಲ್ಲಿ ಹೋದುದನ್ನು ವರ್ಣಿಸಿದ್ದಾನೆ. ಒಬ್ಬಳು ಹಾಡಿದ ನುಡಿಯ ಕೊನೆಗೆ ಉಳಿದವರೆಲ್ಲರೂ ‘ಕೋಲೆ’ ಎಂದು ಏಳೆಂಟು ಸಲ ದನಿಗೂಡಿಸುತ್ತಿದ್ದರಂತೆ. ಪದದ ಅರ್ಥ ಅವನಿಗೆ ತಿಳಿಯಲಿಲ್ಲ. ಸಂತೋಷದ ಉದ್ಗಾರವಿರಬೇಕೆಂದು ಊಹಿಸಿದ. ನಮ್ಮ ಮೂರನೆಯ ತರಗತಿಯ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು! ಆದರೆ ಅರ್ಥ ತಿಳಿಯದಿದ್ದರೂ ಎಷ್ಟು ಸಲ ಎಂದು ಅವನು ಎಣಿಸಿದನಲ್ಲ, ಅದು ನಮಗೆ ಮೆಚ್ಚಿಕೆಯಾಯಿತು.

ನಮಗೂ ಕೊನೆಗೆ ನೆರವಾದದ್ದು ಎಣಿಕೆಯೇ. ಇಂತಹ ಕೆಲಸ ಬೇರೆಡೆಯೂ ನಡೆದಿದೆ. ಲಂಡನ್ನಿನಲ್ಲಿ ಜಾನ್ ಪ್ಲೇಫರ್ಡ್ 1651ರಲ್ಲಿ ಪ್ರಕಟಿಸಿದ ಹಳ್ಳಿಕುಣಿತಗಳ ಪುಸ್ತಕದಲ್ಲಿ ರಾಗವಿತ್ತು, ಚಲನೆಗಳ ಚುಟುಕು ಸೂಚನೆಯಿತ್ತು, ವಿವರವಿರಲಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಸೆಸಿಲ್ ಶಾರ್ಪ್ ಆ ಸೂಚನೆಗಳನ್ನು ರಾಗದ ಅಳತೆಗೆ ಹೊಂದಿಸಿ ಕುಣಿತಗಳನ್ನು ಮರಳಿ ಕಟ್ಟಿದರು. ಅದೇ ವಂಶದ ಕಾಂಟ್ರಾ ಕುಣಿತವು ಅಮೆರಿಕದಲ್ಲಿ ಇಂದಿಗೂ ಇದೆ. ಅಲ್ಲಿ ರಾಗದ ಒಂದು ಸುತ್ತಿಗೆ ಸಾಮಾನ್ಯವಾಗಿ 64 ಎಣಿಕೆ. ಚಲನೆಗಳೆಲ್ಲವೂ ಅಷ್ಟರಲ್ಲಿ ಮುಗಿಯಬೇಕಾದ್ದರಿಂದ, ಒಂದು ಚಲನೆ ಮರೆತುಹೋದರೂ ಅದು ಎಷ್ಟು ಎಣಿಕೆಯದೆಂದು ಉಳಿದವು ಹೇಳುತ್ತವೆ.

ನಮ್ಮ ಅಜ್ಜಿಯ ಹಾಡಿನಲ್ಲಿ ಒಂದು ನುಡಿಗೆ ನಾಲ್ಕು ಸಾಲು, ಸಾಲಿಗೆ ಎಂಟು ಎಣಿಕೆ, ಒಟ್ಟು 32. ಒಬ್ಬರನ್ನು ದಾಟಲು ನಾಲ್ಕು ಎಣಿಕೆಯೆಂದು ಇನ್ನೊಬ್ಬ ಅಜ್ಜಿಯ ಕಾಲು ಹೇಳಿದೆ. ಅಂದರೆ ಒಂದು ನುಡಿಯಲ್ಲಿ ಎಂಟು ದಾಟು. ಜಡೆಕೋಲಾಟದಲ್ಲಿ ಅರ್ಧ ಮಂದಿ ಬಲಕ್ಕೆ, ಅರ್ಧ ಮಂದಿ ಎಡಕ್ಕೆ ಸುತ್ತುತ್ತಾರೆ. ಪ್ರತಿ ದಾಟಿಗೂ ಒಬ್ಬೊಬ್ಬರು ಒಂದೊಂದು ಸ್ಥಾನ ಮುಂದೆ ಸರಿಯುತ್ತಾರೆ. ಎಂಟು ಮಂದಿಯಿದ್ದರೆ ಎಂಟು ದಾಟಿಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬರುತ್ತಾರೆ, ಹಾಡೂ ಪಲ್ಲವಿಗೆ ಬರುತ್ತದೆ. ಹನ್ನೆರಡು ಮಂದಿಯಾದರೆ ಪಲ್ಲವಿ ಬಂದಾಗ ಸುತ್ತಿನ ಮೂರರಲ್ಲಿ ಎರಡು ಪಾಲು ಮಾತ್ರ ಮುಗಿದಿರುತ್ತದೆ. ಚಿತ್ರದ ಏಳು ಬೆಸಸಂಖ್ಯೆ, ಬೆಸಸಂಖ್ಯೆಯವರು ಈ ಕುಣಿತವನ್ನು ಆಡಲು ಬಾರದು. ಮತ್ತೆ ಭೂತಗನ್ನಡಿ ಹಿಡಿದು ನೋಡಿದೆವು. ಮುಂದೆ ನಿಂತವಳ ಹಿಂದೆ, ಅವಳ ಕೈಗೆ ಸೇರದ ಒಂದು ಹಗ್ಗ ಬಿಗಿಯಾಗಿ ಓರೆಯಾಗಿತ್ತು. ಎಂಟನೆಯವಳು ಅಲ್ಲಿದ್ದಳು.

ಎಂಟು ಮಕ್ಕಳನ್ನು ಒಂದೇ ತರಗತಿಯಿಂದ ಆರಿಸಲು ನಮಗಾಗಲಿಲ್ಲ. ಚಿತ್ರದ ಹುಡುಗಿಯರೆಲ್ಲರೂ ಒಂದೇ ತರಗತಿಯವರಾಗಿದ್ದರೆಂದು ಅಜ್ಜಿಯರು ಹೇಳಿದ್ದರು. ಈಗ ಕನ್ನಡ ಮಾಧ್ಯಮದ ಮೂರು ತರಗತಿಗಳನ್ನು ಕೂಡಿಸಿ, ಇಬ್ಬರು ಹುಡುಗರನ್ನೂ ಸೇರಿಸಿ ತಂಡ ಕಟ್ಟಿದೆವು.

ಹೆಣೆಯುವುದು ಎರಡು ದಿನಗಳಲ್ಲಿ ಬಂದಿತು. ಒಬ್ಬರನ್ನು ಹೊರಗಿನಿಂದ ದಾಟಿದರೆ ಮುಂದಿನವರನ್ನು ಒಳಗಿನಿಂದ, ಹೀಗೆ ಒಂದು ಬಿಟ್ಟು ಒಂದು. ಬಿಚ್ಚುವಾಗ ಹಗ್ಗಗಳು ಗಂಟುಬಿದ್ದವು. ಮತ್ತೆ ಮಾಡಿದರೂ ಗಂಟೇ. ಏಣಿ ಹತ್ತಿ ಬಿಡಿಸಿದ್ದಾಯಿತು. ಮಕ್ಕಳು ಹೊರಗಿನಿಂದ ಆರಂಭಿಸಿದ್ದವರು ಹಿಂದಿರುಗುವಾಗಲೂ ಹೊರಗಿನಿಂದಲೇ ಆರಂಭಿಸುತ್ತಿದ್ದರು. ಆಗ ಮೂರನೆಯ ಅಜ್ಜಿಯ ಮಾತು ನೆನಪಿಗೆ ಬಂದಿತು. ಮೊದಲ ದಾಟು ಹೊರಗೆ, ಎರಡನೆಯದು ಒಳಗೆ ಎಂದು ಎಣಿಸಿದರೆ ಎಂಟನೆಯದು ಒಳಗೆ ಬರುತ್ತದೆ. ಕಟ್ಟಿದ್ದನ್ನು ಬಿಚ್ಚಲು ಕೊನೆಯದರಿಂದ ಹಿಂದಕ್ಕೆ ಬರಬೇಕಲ್ಲವೆ? ಹೊರಗಿನಿಂದ ಹೊರಟವರು ಹಿಂದಿರುಗುವಾಗ ಒಳಗಿನಿಂದ ಹೊರಡಬೇಕು. ಅಜ್ಜಿಯ ನೆನಪು ತಪ್ಪಿರಬಹುದೆಂದು ನಮ್ಮಲ್ಲಿ ಕೆಲವರು ಅಂದುಕೊಂಡಿದ್ದೆವು, ಅವರಲ್ಲಿ ಕ್ಷಮೆ ಕೇಳಿದೆವು. ‘ನಾನು ಅವತ್ತೇ ಹೇಳಿದ್ನಲ್ಲಪ್ಪ’ ಎಂದಷ್ಟೇ ಅಂದರು.

ಮರುದಿನ ಎಂಟು ದಾಟಿಗೆ ಜಡೆ ಪೂರ್ತಿ ಬಿಚ್ಚಿತು. ಎಂಟು ಹಗ್ಗಗಳೂ ಬಿಡಿಬಿಡಿಯಾಗಿ ತೂಗಿದವು.

ದಾಟುಗಳ ಪಟ್ಟಿಯನ್ನು ಬರೆದು ಶಾಲೆಯ ಗ್ರಂಥಾಲಯದಲ್ಲಿ ಇರಿಸಿದ್ದೇವೆ. ಹಗ್ಗ ಮತ್ತು ಕೋಲುಗಳು ವ್ಯಾಯಾಮ ಶಿಕ್ಷಕರ ಕೊಠಡಿಯಲ್ಲಿವೆ. ಹಾಡಿನ ಒಂದು ನುಡಿ ಮಾತ್ರ ನಮಗೆ ದೊರೆತಿದೆ, ಅದನ್ನೇ ಎರಡು ಸಲ ಹಾಡಿಸುತ್ತಿದ್ದೇವೆ. ಎರಡನೆಯ ನುಡಿ ಬಲ್ಲ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದಲ್ಲಿ ಶಾಲೆಗೆ ಬಂದು ಒಮ್ಮೆ ಹಾಡಿ ತೋರಿಸಬೇಕೆಂದು ಕೋರುತ್ತೇವೆ.